ಬಿಚ್ಚಿ ಕಟ್ಟಿದ ಸೈಕಲ್ಲು: ಕೆಲವು ಟಿಪ್ಪಣಿಗಳು

ಏನೇನು ಬದಲಾಯಿತು

ನನ್ನ ಬೆಟ್ಟದ ಸೈಕಲ್ಲನ್ನು (ಮೌಂಟನ್ ಬೈಕ್) ಪೂರ್ತಿ ಬಿಚ್ಚಿ ಕಟ್ಟಿದ ಸೈಕಲ್ ಶಾಪಿನವರು ಬರೆದುಕೊಟ್ಟ ಚೀಟಿ ಮುಂದಿದೆ. ಚೈನು, ಹಿಂದಿನ ಹಲ್ಲುಗಳ ಕ್ಯಾಸೆಟ್, ಮುಂದಿನ ಚೈನ್‌ರಿಂಗ್, ಬಾಟಮ್ ಬ್ರಾಕೆಟ್, ಎರಡೂ ಟೈರು, ಟ್ಯೂಬು, ಗೇರಿನ ಕೇಬಲ್ಲು, ಬ್ರೇಕಿನ ಪ್ಯಾಡು ಮತ್ತು ಡಿಸ್ಕು, ಹಿಂದಿನ ಚಕ್ರದ ರಿಮ್ಮು, ಅದರ ಕಡ್ಡಿಗಳು. ಇವಿಷ್ಟೂ ಹೊಸದು. ಹಳೆಯದಾಗಿ ಉಳಿದದ್ದು ಫ್ರೇಮು, ಫೋರ್ಕು, ಹ್ಯಾಂಡಲ್, ಸೀಟು, ಪೆಡಲ್ಲು, ಮುಂದಿನ ಚಕ್ರ. ಬಿಡಿಭಾಗಗಳನ್ನು ಎಣಿಸಿದರೆ ಹೊಸದೇ ಹೆಚ್ಚು. ಆದರೂ ಹತ್ತಿ ಕೂತು ನಾಲ್ಕು ತುಳಿತ ತುಳಿಯುವಷ್ಟರಲ್ಲಿ ಇದು ಅದೇ ಸೈಕಲ್ಲು ಎಂದು ಮೈಗೆ ಖಾತ್ರಿಯಾಯಿತು. ಮೈ ಗುರುತು ಹಿಡಿದದ್ದು ಯಾವುದನ್ನು? ಮುಂದಿನ ಟಿಪ್ಪಣಿಗಳೆಲ್ಲ ಈ ಪ್ರಶ್ನೆಯ ಬೆನ್ನು ಹತ್ತಿ ಬರೆದವು.

ಎರಡು ಉತ್ತರ

ಪ್ರಶ್ನೆಯೇನೋ ಬಹಳ ಹಳೆಯದು. ಪಾಲಿ ಭಾಷೆಯ ಬೌದ್ಧ ಗ್ರಂಥ ‘ಮಿಲಿಂದಪಞ್ಹ’ದಲ್ಲಿ ಭಿಕ್ಷು ನಾಗಸೇನ ರಾಜನಿಗೆ ರಥದ ಒಂದೊಂದು ಭಾಗವನ್ನೂ ತೋರಿಸಿ ಇದೇನು ರಥ, ಅದೇನು ರಥ ಎಂದು ಕೇಳುತ್ತ ಹೋಗುತ್ತಾನೆ. ಅಚ್ಚೂ ರಥವಲ್ಲ, ಗಾಲಿಯೂ ರಥವಲ್ಲ, ನೊಗವೂ ರಥವಲ್ಲ. ಎಲ್ಲ ಕೂಡಿದಾಗ ನಾವು ಇಟ್ಟುಕೊಂಡ ಹೆಸರು ರಥ.

ಸೈಕಲ್ ಶಾಪಿನ ಯಜಮಾನರ ಉತ್ತರ ಬೇರೆ. ಅವರು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಕ್ರ್ಯಾಂಕಿನ ಅಚ್ಚು ಹಾಯುವ, ಬಾಟಮ್ ಬ್ರಾಕೆಟ್ ಕೂರುವ ಗೂಡಿನ ಅಡಿಯಲ್ಲಿ ಕೊರೆದ ಅಂಕಿಗಳನ್ನು ಬೆರಳಿಂದ ಒರೆಸಿ ತೋರಿಸಿದರು. “ನಂಬರ್ ಇಲ್ಲಿದೆ ನೋಡಿ ಸಾರ್. ಇದಿರೋವರ್ಗೂ ಇದೇ ಸೈಕಲ್ಲು. ಮಿಕ್ಕಿದ್ದೆಲ್ಲ ಹಾಕೋದು, ತೆಗ್ಯೋದು.”

ಒಬ್ಬರು ಹೆಸರು ಎಂದರು, ಇನ್ನೊಬ್ಬರು ಫ್ರೇಮು ಎಂದರು. ಎರಡೂ ಸರಿಯೆನಿಸುತ್ತದೆ, ಎರಡೂ ಸಾಲದೆನಿಸುತ್ತದೆ.

ಚೈನು ಉದ್ದವಾಗುವುದು

ಹಳೆಯ ಚೈನನ್ನು ಹೊಸದರ ಪಕ್ಕದಲ್ಲಿ ತೂಗುಹಾಕಿ ನೋಡಿದೆ. ಕೊಂಡಿಗಳ ಎಣಿಕೆ ಒಂದೇ, ಆದರೆ ಹಳೆಯದು ಉದ್ದ. ಉಕ್ಕು ಹಿಗ್ಗಿತೇ? ಇಲ್ಲ. ಕೊಂಡಿಯ ಒಳಗಿನ ಪಿನ್ನುಗಳು ಮಣ್ಣು ಬೆರೆತ ಎಣ್ಣೆಯಲ್ಲಿ ತಿರುಗಿ ತಿರುಗಿ ಸವೆದು, ಪ್ರತಿ ಕೀಲಿನಲ್ಲೂ ಕೂದಲೆಳೆಯಷ್ಟು ಸಡಿಲ ಹುಟ್ಟುತ್ತದೆ. ನೂರಕ್ಕೂ ಹೆಚ್ಚು ಕೀಲುಗಳ ಸಡಿಲ ಒಟ್ಟುಗೂಡಿ ಚೈನು ಉದ್ದವಾದಂತೆ ಕಾಣುತ್ತದೆ. ಒಂದು ಕೀಲಿನಿಂದ ಮುಂದಿನ ಕೀಲಿಗೆ ಅರ್ಧ ಅಂಗುಲ, ಅಂದರೆ 12.7 ಮಿ.ಮೀ. ಹೊಸ ಚೈನಿನಲ್ಲಿ 24 ಕೀಲುಗಳಿಗೆ ಸರಿಯಾಗಿ 12 ಅಂಗುಲ. ಅದೇ 24 ಕೀಲು 12 ಅಂಗುಲ ದಾಟಿ ಒಂದು ಅಂಗುಲದ ಹದಿನಾರನೆಯ ಒಂದು ಭಾಗ ಮುಂದೆ ಹೋದರೆ ಚೈನು ಬದಲಿಸುವ ಹೊತ್ತು ಬಂತು. ಸವೆತ ಶೇಕಡಾ ಅರ್ಧ, ಅಷ್ಟೇ.

ಶೇಕಡಾ ಅರ್ಧಕ್ಕೆ ಇಷ್ಟು ಬೆಲೆ ಯಾಕೆ? ಸವೆದ ಚೈನು ಹಲ್ಲುಗಳನ್ನೂ ತನ್ನ ಅಳತೆಗೆ ಸವೆಸಿಕೊಳ್ಳುತ್ತದೆ. ಆಮೇಲೆ ಹೊಸ ಚೈನು ಹಾಕಿದರೆ, ಬಲ ಹಾಕಿ ತುಳಿದಾಗ ಹಲ್ಲಿನ ಮೇಲಿಂದ ಹಾರುತ್ತದೆ. “ಚೈನ್ ಒಂದೇ ಹಾಕಿದ್ರೆ ಆಗಲ್ಲ ಸಾರ್, ಹಲ್ಲೂ ಹೋಗಿದೆ” ಎಂದು ಯಜಮಾನರು ಹೇಳಿದ್ದರ ಅರ್ಥ ಇದೇ. ಎರಡು ಹಳೆಯವು ಪರಸ್ಪರ ಹೊಂದಿಕೊಂಡು ನಡೆಯುತ್ತಿದ್ದವು. ಕೆಟ್ಟದ್ದಕ್ಕೆ ಕೆಟ್ಟದ್ದೇ ಸರಿಜೋಡಿಯಾಗಿ ಇಷ್ಟು ಕಾಲ ನಡೆಯಿತಲ್ಲ ಎಂಬುದು ನನ್ನ ಸೋಜಿಗ.

ಎಡಗಡೆಯ ಪೆಡಲ್ಲು

ಬಲಗಡೆಯ ಪೆಡಲ್ಲಿಗೆ ನಾವು ನಿತ್ಯ ಕಾಣುವ ಮರೆ (ಥ್ರೆಡ್). ಎಡಗಡೆಯದಕ್ಕೆ ಉಲ್ಟಾ ಮರೆ. ತುಳಿಯುವಾಗ ತಾನಾಗಿ ಬಿಚ್ಚಿಹೋಗದಿರಲಿ ಎಂದು ಹಾಗೆ, ಎಂಬುದು ಎಲ್ಲರೂ ಕೊಡುವ ಉತ್ತರ. ಆದರೆ ಲೆಕ್ಕ ಹಾಕಿ ನೋಡಿ. ಬೇರಿಂಗು ಬಿಗಿಯಾಗಿ ಪೆಡಲ್ಲು ತಿರುಗದೆ ಹಿಡಿದುಕೊಂಡರೆ, ಈ ಮರೆಯ ದಿಕ್ಕು ಅದನ್ನು ಬಿಗಿಯುವ ಬದಲು ಬಿಚ್ಚಬೇಕು. ಹಾಗಿದ್ದರೆ ಮರೆಯನ್ನು ಹೀಗೇ ಯಾಕೆ ಕೊರೆದರು?

ಕಾಲಿನ ಭಾರ ಸದಾ ಕೆಳಮುಖ, ಆದರೆ ಕ್ರ್ಯಾಂಕು ಸುತ್ತುತ್ತಿರುತ್ತದೆ. ಹಾಗಾಗಿ ಅಚ್ಚಿನ ಸುತ್ತ ಒತ್ತಡ ಬೀಳುವ ಜಾಗ ಪ್ರತಿ ಸುತ್ತಿಗೂ ಪೂರ್ತಿ ಪ್ರದಕ್ಷಿಣೆ ಹಾಕುತ್ತದೆ. ಮರೆಯೊಳಗೆ ಕಣ್ಣಿಗೆ ಕಾಣದಷ್ಟು ಸಡಿಲ ಇರುವುದರಿಂದ ಆ ಒತ್ತಡ ಅಚ್ಚನ್ನು ಎದುರು ದಿಕ್ಕಿಗೆ ಇಷ್ಟಿಷ್ಟೇ ಉರುಳಿಸುತ್ತದೆ. ಈ ಉರುಳು ಬೇರಿಂಗಿನ ಎಳೆತವನ್ನು ಮೀರಿಸುವಷ್ಟು ಗಟ್ಟಿ. ಮರೆಯ ದಿಕ್ಕನ್ನು ಗೊತ್ತುಮಾಡಿದ್ದು ಅದು. ನೆನಪಿಡಲು ಸುಲಭವಾದ ಮಾತು: ಪಾನಾ ಮೇಲ್ಮುಖವಾಗಿ ಹಿಡಿದು ಹಿಂದಿನ ಚಕ್ರದ ಕಡೆ ಎಳೆದರೆ ಎರಡು ಬದಿಯ ಪೆಡಲ್ಲೂ ಬಿಚ್ಚುತ್ತವೆ.

ತುರಹಳ್ಳಿ, ಬೆಳಗಿನ ಹೊತ್ತು

ಬೆಂಗಳೂರಿನ ದಕ್ಷಿಣ ಅಂಚಿನಲ್ಲಿ, ಕನಕಪುರ ರಸ್ತೆಯ ಆಚೆ ಉಳಿದಿರುವ ಕುರುಚಲು ಕಾಡು. ನೀಲಗಿರಿ, ಲಂಟಾನ, ನಡುನಡುವೆ ಬೋಳುಬಂಡೆ. ಬಂಡೆ ಹತ್ತುವವರು ಬರುತ್ತಾರೆ, ನಡೆಯುವವರು ಬರುತ್ತಾರೆ, ಸೈಕಲ್ಲಿನವರೂ ಬರುತ್ತಾರೆ. 2021ರಲ್ಲಿ ಇಲ್ಲಿ ಟ್ರೀ ಪಾರ್ಕ್ ಮಾಡುವ ಮಾತು ಎದ್ದಾಗ ಸುತ್ತಲಿನ ನಿವಾಸಿಗಳು ಬೀದಿಗಿಳಿದು ವಿರೋಧಿಸಿದ್ದರು. ಕಾಡು ಕಾಡಾಗಿಯೇ ಇರಲಿ ಎಂಬುದು ಅವರ ಕೇಳಿಕೆ.

ಇಲ್ಲಿನ ನೆಲದಲ್ಲಿ ನನಗೆ ಬಿಡಿಸಲಾಗದ ಒಗಟೊಂದಿತ್ತು. ನುಣುಪಾಗಿ ಕಾಣುವ ಇಳಿಜಾರು ಬಂಡೆಯ ಮೇಲೆ ಟೈರು ಕಚ್ಚಿ ಹಿಡಿಯುತ್ತದೆ. ಸಪಾಟು ಮಣ್ಣುದಾರಿಯಲ್ಲಿ ತಿರುವಿಗೆ ಬಂದರೆ ಜಾರುತ್ತದೆ. ಇಳಿದು ಕೂತು ಕೈಯಿಂದ ನೆಲ ಸವರಿದೆ. ಬಂಡೆ ಕಣ್ಣಿಗೆ ನುಣುಪು, ಅಂಗೈಗೆ ಒರಟು. ರಬ್ಬರು ಅದರ ಸಣ್ಣ ಸಣ್ಣ ಮುಳ್ಳುಗಳಿಗೆ ಒತ್ತಿಕೊಂಡು ಕೂರುತ್ತದೆ. ದಾರಿಯಲ್ಲೋ ಅದೇ ಬಂಡೆ ಪುಡಿಯಾಗಿ, ಗಟ್ಟಿ ನೆಲದ ಮೇಲೆ ಹರಳುಹರಳಾಗಿ ಹರಡಿದೆ. ಒಂದೊಂದು ಹರಳೂ ಉರುಳುತ್ತದೆ. ಬೆಂಗಳೂರಿನ ಬುಡದಲ್ಲಿರುವ ಈ ಶಿಲೆ ಭೂಮಿಯ ಬಲು ಹಳೆಯ ಶಿಲೆಗಳಲ್ಲೊಂದು. ಲಾಲ್‌ಬಾಗಿನ ಬಂಡೆಯ ಮುಂದಿನ ಫಲಕ ಅದರ ವಯಸ್ಸನ್ನು 300 ಕೋಟಿ ವರ್ಷ ಎನ್ನುತ್ತದೆ. ಹರಳು ಹರಡಿದ ನೆಲದಲ್ಲಿ ಬ್ರೇಕು ಹಿಡಿಯುವುದಿದ್ದರೆ ತಿರುವಿಗೆ ಮುಂಚೆಯೇ ಹಿಡಿದು ಮುಗಿಸಬೇಕು. ತಿರುವಿನೊಳಗೆ ಹಿಡಿಯಬಾರದು.

ಗಾಳಿಯ ವಿಚಾರ

ಹೊಸ ಟೈರನ್ನು ಕಲ್ಲಿನಂತೆ ಗಟ್ಟಿಯಾಗಿ ಊದಿದರೆ ಚೆನ್ನಾಗಿ ಓಡುತ್ತದೆ ಎಂಬ ನಂಬಿಕೆ ಡಾಂಬರು ರಸ್ತೆಗೆ ಸರಿ. ಎರಡು ಅಂಗುಲ ದಾಟಿದ ಅಗಲದ ಟೈರಿಗೆ ಕಾಡಿನ ದಾರಿಯಲ್ಲಿ 30 ಪಿ.ಎಸ್‌.ಐ. ಆಸುಪಾಸು ಸಾಕು, ಸವಾರನ ತೂಕ ನೋಡಿಕೊಂಡು ಅತ್ತಿತ್ತ. ಗಾಳಿ ಇಳಿಸಿದರೆ ಉಬ್ಬುತಗ್ಗಿನ ದಾರಿಯಲ್ಲಿ ಸೈಕಲ್ಲು ಹಗುರಾಗಿ ಸಾಗುತ್ತದೆ. ಮೇಲ್ನೋಟಕ್ಕೆ ಇದು ಉಲ್ಟಾ ಮಾತು. ಟೈರು ಬಿರುಸಾಗಿದ್ದರೆ ಪ್ರತಿ ಕಲ್ಲೂ ಸೈಕಲ್ಲನ್ನೂ ಸವಾರನನ್ನೂ ಮೇಲಕ್ಕೆತ್ತುತ್ತದೆ, ಎತ್ತಿದ ಶಕ್ತಿಯೆಲ್ಲ ನಷ್ಟ. ಮೆತ್ತಗಿದ್ದರೆ ಕಲ್ಲು ರಬ್ಬರಿನೊಳಗೆ ಮುಳುಗಿ ಹಿಂದೆ ಸರಿಯುತ್ತದೆ.

ಯಾವುದು ಮರೆಯುತ್ತದೆ, ಯಾವುದು ಮರೆಯುವುದಿಲ್ಲ

ಬಹಳ ಕಾಲದ ಮೇಲೆ ಏರು ಹತ್ತಿದಾಗ ಉಸಿರು ಬೇಗ ಸೋಲುತ್ತದೆ. ಎದೆ ಮತ್ತು ಶ್ವಾಸಕೋಶದ ತಾಕತ್ತು ಅಭ್ಯಾಸ ಬಿಟ್ಟ ಕೆಲವೇ ವಾರಗಳಲ್ಲಿ ಇಳಿಯಲು ಶುರುವಾಗುತ್ತದೆ. ಆದರೆ ಇಳಿಜಾರಿನಲ್ಲಿ ಸೀಟಿನಿಂದ ಹಿಂದೆ ಸರಿಯುವುದು, ಬೇರು ಅಡ್ಡ ಬಂದಾಗ ಮುಂದಿನ ಚಕ್ರವನ್ನು ಹಗುರ ಮಾಡುವುದು, ಏರು ಶುರುವಾಗುವ ಮೊದಲೇ ಹೆಬ್ಬೆರಳು ಗೇರು ಇಳಿಸುವುದು, ಇವು ವರ್ಷಗಳ ಮೇಲೂ ಹಾಗೇ ಇರುತ್ತವೆ. ಒಂದೇ ಮೈ, ಎರಡು ಬಗೆಯ ನೆನಪು. ಕಷ್ಟಪಟ್ಟು ಗಳಿಸಿದ ದಮ್ಮು ಬೇಗ ಹೋಗುತ್ತದೆ. ಆಡಾಡುತ್ತ ಕಲಿತ ಕೈಚಳಕ ನಿಲ್ಲುತ್ತದೆ.

ಸೈಕಲ್ಲಿನಲ್ಲೂ ಹೀಗೇ ಅಲ್ಲವೇ? ಸವೆಯುವ ಭಾಗಗಳು ಸವೆದವು. ಸವೆಯದೇ ಉಳಿದದ್ದು ಸೀಟಿಗೂ ಹ್ಯಾಂಡಲ್ಲಿಗೂ ನಡುವಿನ ದೂರ, ಪೆಡಲಿನ ಎತ್ತರ, ಮುಂದಿನ ಫೋರ್ಕಿನ ವಾಲಿಕೆ. ಹತ್ತಿ ಕೂತಾಗ ಮೈ ಗುರುತಿಸಿದ್ದು ಈ ದೂರಗಳನ್ನು ಮತ್ತು ಕೋನಗಳನ್ನು. ಲೋಹವನ್ನಲ್ಲ, ಅಳತೆಯನ್ನು. ಮೊದಲ ಪ್ರಶ್ನೆಗೆ ಇಲ್ಲಿ ಅರ್ಧ ಉತ್ತರ ಸಿಕ್ಕಿತು.

ಬೀಳದೇ ಇರುವುದು

ಸವಾರನಿಲ್ಲದ ಸೈಕಲ್ಲನ್ನು ಜೋರಾಗಿ ತಳ್ಳಿ ಬಿಟ್ಟರೆ ಬಹುದೂರ ಬೀಳದೆ ಓಡುತ್ತದೆ. ಚಕ್ರ ಬುಗುರಿಯ ಹಾಗೆ ಸುತ್ತುವುದರಿಂದ ಎಂದು ಶಾಲೆಯಲ್ಲಿ ಕೇಳಿದ್ದೇವೆ. ಫೋರ್ಕಿನ ವಾಲಿಕೆಯಿಂದ ಮುಂದಿನ ಚಕ್ರ ಹಿಂದೆ ಹಿಂದೆ ಎಳೆದುಕೊಂಡು ಬರುವುದರಿಂದ ಎಂಬುದು ಇನ್ನೊಂದು ವಿವರಣೆ. 2011ರಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್ ಮತ್ತು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಈ ಎರಡೂ ಗುಣ ಇಲ್ಲದಂಥ ಸೈಕಲ್ಲೊಂದನ್ನು ಕಟ್ಟಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಅದೂ ಬೀಳದೆ ಓಡಿತು. ಬೀಳುವ ಕಡೆಗೇ ಹ್ಯಾಂಡಲ್ಲು ತಿರುಗಿದರೆ ಸೈಕಲ್ಲು ಎದ್ದು ನಿಲ್ಲುತ್ತದೆ. ಹಾಗೆ ತಿರುಗುವುದಕ್ಕೆ ತೂಕದ ಹಂಚಿಕೆಯೂ ಸೇರಿ ಹಲವು ಕಾರಣ, ಒಂದೇ ಒಂದನ್ನು ಬೊಟ್ಟುಮಾಡಲಾಗದು. ಜಗತ್ತಿನ ತುಂಬ ಮಕ್ಕಳು ನಿತ್ಯ ಮಾಡುವ ಕೆಲಸಕ್ಕೆ ಸರಳ ಸೂತ್ರವಿಲ್ಲ ಎಂಬುದು ನನಗೆ ಸಂತೋಷದ ಸಂಗತಿ.

ಹುಟ್ಟಿನಲ್ಲೇ ಮರುಜೋಡಣೆ

ಬೆಟ್ಟದ ಸೈಕಲ್ಲು ಹುಟ್ಟಿದ್ದೇ ಹಳೆಯ ಸೈಕಲ್ಲುಗಳನ್ನು ಬಿಚ್ಚಿ ಕಟ್ಟುವುದರಿಂದ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿ, ಟ್ಯಾಮಲ್‌ಪೈಯಸ್ ಬೆಟ್ಟದ ಆಸುಪಾಸು, 1970ರ ದಶಕ. ಕೆಲವು ತರುಣರು 1930 ಮತ್ತು 40ರ ದಶಕಗಳ ಶ್ವಿನ್ ಎಕ್ಸೆಲ್ಸಿಯರ್ ಎಂಬ ಭಾರೀ ಸೈಕಲ್ಲುಗಳನ್ನು ಗುಜರಿಯಿಂದ ತಂದರು. ಮಡ್‌ಗಾರ್ಡ್ ಕಿತ್ತರು. ಮೋಟಾರ್‌ಸೈಕಲ್ಲಿನ ಬ್ರೇಕ್ ಲಿವರು, ಡ್ರಮ್ ಬ್ರೇಕು, ಬೇರೆ ಸೈಕಲ್ಲುಗಳ ಗೇರು, ಹೀಗೆ ಸಿಕ್ಕಿದ್ದನ್ನೆಲ್ಲ ಅದಕ್ಕೆ ಜೋಡಿಸಿದರು. ಕ್ಲಂಕರ್ ಎಂದು ಕರೆದರು.

1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಊರಿನ ಹತ್ತಿರದ ಮಣ್ಣುದಾರಿಯಲ್ಲಿ ಇಳಿಜಾರಿನ ಪಂದ್ಯ ಇಟ್ಟರು. ಉದ್ದ ಎರಡು ಮೈಲಿಗಿಂತ ತುಸು ಹೆಚ್ಚು, ಇಳಿತ ಸುಮಾರು 1,300 ಅಡಿ. ಹಿಂದಕ್ಕೆ ತುಳಿದು ಹಿಡಿಯುವ ಹಳೇ ಬ್ರೇಕು ಕಾದು, ಹಬ್ಬಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಕೆಳಗೆ ಬಂದವರು ಹಬ್ ಬಿಚ್ಚಿ ಮತ್ತೆ ಗ್ರೀಸು ತುಂಬಬೇಕು. ಆ ಕೆಲಸದ ಹೆಸರೇ ಪಂದ್ಯಕ್ಕೂ ಅಂಟಿತು, ರೀಪ್ಯಾಕ್. ಅಲ್ಲಿ ನಡೆದ ಪಂದ್ಯಗಳಲ್ಲಿ ಅತಿ ಬೇಗ ಇಳಿದವರು ಗ್ಯಾರಿ ಫಿಶರ್, 4 ನಿಮಿಷ 22 ಸೆಕೆಂಡು.

1977ರಲ್ಲಿ ಜೋ ಬ್ರೀಝ್ ಕಾಡಿನ ದಾರಿಗೆಂದೇ ಹೊಸ ಫ್ರೇಮು ಕಟ್ಟಿದರು. ಅದು ಈಗ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. 1979ರಲ್ಲಿ ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ ಟಾಮ್ ರಿಚಿ ಕಟ್ಟಿದ ಫ್ರೇಮುಗಳನ್ನಿಟ್ಟುಕೊಂಡು ವ್ಯಾಪಾರಕ್ಕಿಳಿದರು. 1981ರಲ್ಲಿ ಕಾರ್ಖಾನೆಯಲ್ಲಿ ದೊಡ್ಡ ಸಂಖ್ಯೆಯಲ್ಲಿ ತಯಾರಾದ ಸ್ಟಂಪ್‌ಜಂಪರ್ ಬಂತು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್. ಗುಜರಿಯಿಂದ ಒಲಿಂಪಿಕ್ಸಿಗೆ 20 ವರ್ಷ.

ನನ್ನ ಕುತೂಹಲ ಬೇರೆ ಕಡೆ ಇದೆ. ಬ್ರೀಝ್ ಎಲ್ಲ ಹೊಸದಾಗಿ ಮಾಡಬಹುದಿತ್ತು. ಆದರೆ ಫ್ರೇಮಿನ ಕೋನಗಳನ್ನು ಹಳೆಯ ಎಕ್ಸೆಲ್ಸಿಯರಿನಿಂದಲೇ ತೆಗೆದುಕೊಂಡರು. ಚಕ್ರದ ಅಳತೆಯೂ ಹಳೆಯದೇ, 26 ಅಂಗುಲ, ಶ್ವಿನ್ ಕಂಪನಿ 1933ರಲ್ಲಿ ಅಮೆರಿಕದ ಹುಡುಗರ ಸೈಕಲ್ಲಿಗೆಂದು ಹಾಕಿದ ದಪ್ಪ ಟೈರಿನದು. ಟೈರು, ಟ್ಯೂಬು ಅಂಗಡಿಯಲ್ಲಿ ಸಿಗಬೇಕಲ್ಲ! ಹುಡುಗರ ಸೈಕಲ್ಲಿನ ಆ ಅಳತೆಯೇ ಮುಂದೆ ಮೂರು ದಶಕ ಬೆಟ್ಟದ ಸೈಕಲ್ಲುಗಳನ್ನು ಆಳಿತು. ಅಲ್ಲೂ ಲೋಹ ಹೋಯಿತು, ಅಳತೆ ನಿಂತಿತು.

ಯಾರೋ ಒಪ್ಪಿಕೊಂಡ ಅಳತೆಗಳು

ನನ್ನ ಸೈಕಲ್ಲು ಮರಳಿ ದಾರಿಗೆ ಬಂದದ್ದು ಹೇಗೆ? ಅಗಲ ಹೊಂದಿದರೆ ಅರ್ಧ ಅಂಗುಲದ ಚೈನು ಸಾಮಾನ್ಯವಾಗಿ ಯಾವ ಕಂಪನಿಯದಾದರೂ ಕೂರುತ್ತದೆ. ಹ್ಯಾನ್ಸ್ ರೆನಾಲ್ಡ್ ರೋಲರ್ ಚೈನಿಗೆ ಪೇಟೆಂಟ್ ಪಡೆದದ್ದು 1880ರಲ್ಲಿ. ಇವತ್ತಿನ ಚೈನು ಅದೇ ವಂಶದ್ದು. ಬಾಟಮ್ ಬ್ರಾಕೆಟ್ಟಿನ ಮರೆ ಒಂದು ಕಾಲಕ್ಕೆ ಇಂಗ್ಲೆಂಡಿನವರು ಗೊತ್ತುಮಾಡಿದ್ದು. ಬೆಟ್ಟದ ಸೈಕಲ್ಲಿನ 26 ಅಂಗುಲದ ಟೈರು ಕೂರುವ ರಿಮ್ಮಿನ ಅಂಚಿನ ವ್ಯಾಸ 559 ಮಿ.ಮೀ., ಎಲ್ಲಿ ಹೋದರೂ ಅಷ್ಟೇ. ಒಬ್ಬರನ್ನೊಬ್ಬರು ನೋಡದ ಜನ, ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ಕಾಲದಲ್ಲಿ ಒಂದೇ ಅಳತೆಗೆ ಒಪ್ಪಿಕೊಂಡದ್ದರಿಂದ ಬೆಂಗಳೂರಿನ ಒಂದು ಸಣ್ಣ ಶಾಪಿನಲ್ಲಿ ಈ ಕೆಲಸ ಸಾಧ್ಯವಾಯಿತು.

ಆ ಒಪ್ಪಿಗೆ ಈಗ ಸಡಿಲವಾಗುತ್ತಿದೆ. 26ರ ಜಾಗಕ್ಕೆ 27.5 ಬಂತು, 29 ಬಂತು. ಹಿಂದಿನ ಹಬ್ಬಿನ ಅಗಲ 135 ಮಿ.ಮೀ. ಇದ್ದದ್ದು 142 ಆಗಿ 148ಕ್ಕೆ ಹೋಯಿತು. ಬಾಟಮ್ ಬ್ರಾಕೆಟ್ಟಿನಲ್ಲಿ ಮರೆ ತೆಗೆದು ಒತ್ತಿ ಕೂರಿಸುವ ಬಗೆಗಳು ಒಂದರ ಹಿಂದೊಂದು ಬಂದವು. ಅವು ಕಿರುಗುಟ್ಟುತ್ತವೆಂಬ ದೂರು ಹೆಚ್ಚಿ, ಹಲವು ತಯಾರಕರು ಮತ್ತೆ ಮರೆಗೇ ಮರಳಿದರು. ಹಿಂದಿನ ಗೇರು ತೂಗುವ ಹ್ಯಾಂಗರ್ ಎಂಬ ಸಣ್ಣ ಅಲ್ಯುಮಿನಿಯಂ ತುಂಡಂತೂ ಒಂದೊಂದು ಫ್ರೇಮಿಗೆ ಒಂದೊಂದು ಆಕಾರ. ಬಿದ್ದಾಗ ಫ್ರೇಮು ಉಳಿಸಲು ತಾನು ಬಾಗುವುದೇ ಅದರ ಕೆಲಸ. ಬಾಗಿದ ಮೇಲೆ ಅದೇ ಆಕಾರದ್ದು ಸಿಗದಿದ್ದರೆ ಇಡೀ ಸೈಕಲ್ಲು ಮೂಲೆಗೆ. ಸ್ರ್ಯಾಮ್ ಕಂಪನಿ 2019ರಲ್ಲಿ ಎಲ್ಲರಿಗೂ ಒಂದೇ ಹ್ಯಾಂಗರ್ ಇರಲಿ ಎಂದು ಒಂದು ಅಳತೆಯನ್ನು ಮುಂದಿಟ್ಟಿತು, ಬೇರೆ ಫ್ರೇಮು ತಯಾರಕರೂ ಅದನ್ನು ತೆಗೆದುಕೊಂಡರು. ಇದು ಒಳ್ಳೆಯ ದಾರಿ.

29ರ ಚಕ್ರ ಬೇರುಕಲ್ಲಿನ ಮೇಲೆ ಹಾಯಾಗಿ ಉರುಳುತ್ತದೆ, ನಿಜ. ಅಗಲ ಹಬ್ಬಿನಿಂದ ಚಕ್ರ ಗಟ್ಟಿಯಾಗುತ್ತದೆ, ಅದೂ ನಿಜ. ಹೊಸದಕ್ಕೆ ನನ್ನ ತಕರಾರಿಲ್ಲ. ಹೊಸದು ಬಂದಾಗ ಹಳೆಯದರ ಬಿಡಿಭಾಗ ಮಾಡುವುದನ್ನು ಯಾಕೆ ನಿಲ್ಲಿಸಬೇಕು ಎಂಬುದಷ್ಟೇ ನನಗೆ ಅರ್ಥವಾಗದ್ದು.

ಹಕ್ಕು

2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು. ಮೊದಲಿಗೆ ಆರಿಸಿದ್ದು ನಾಲ್ಕು ಕ್ಷೇತ್ರ: ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹಬಳಕೆಯ ಯಂತ್ರಗಳು, ವಾಹನಗಳು. ಕಾನೂನಿನಿಂದ ಇವಕ್ಕೆಲ್ಲ ತರಬೇಕಾದ, ಯಾರ ಕೈಯಲ್ಲೂ ದುರಸ್ತಿಯಾಗುವ ಗುಣ ಸೈಕಲ್ಲಿಗೆ ಯಾವ ಕಾನೂನೂ ಇಲ್ಲದೆ ನೂರು ವರ್ಷ ಇತ್ತು. ನಾಲ್ಕು ಪಾನಾ, ಒಂದು ಸ್ಕ್ರೂಡ್ರೈವರ್, ಗ್ರೀಸಿನ ಡಬ್ಬಿ ಇದ್ದವರು ಊರೂರಲ್ಲಿ ಸೈಕಲ್ ಬಿಚ್ಚಿ ಕಟ್ಟಿದ್ದಾರೆ.

ಕಡ್ಡಿ ಕಟ್ಟುವವರು

ಯಜಮಾನರು ರಿಮ್ಮಿನ ಬೆಂಡು ತೆಗೆಯುವುದನ್ನು ಪಕ್ಕದಲ್ಲಿ ನಿಂತು ನೋಡಿದೆ. ಚಕ್ರವನ್ನು ಸುತ್ತಿಸಿ, ಕಡ್ಡಿಗಳನ್ನು ಬೆರಳಿಂದ ಮೀಟುತ್ತ ಹೋಗುತ್ತಾರೆ. ಒಂದೇ ಬದಿಯ ಕಡ್ಡಿಗಳೆಲ್ಲ ಒಂದೇ ಶ್ರುತಿಯಲ್ಲಿ ನುಡಿಯಬೇಕು. ಅಪಶ್ರುತಿ ಕೇಳಿದ ಕಡೆ ನಿಪ್ಪಲ್ಲನ್ನು ಕಾಲು ಸುತ್ತು ತಿರುಗಿಸುತ್ತಾರೆ. ಒಳ್ಳೆಯ ಚಕ್ರದಲ್ಲಿ ಒಂದೊಂದು ಕಡ್ಡಿಯೂ ಸುಮಾರು ನೂರು ಕಿಲೋ ತೂಕ ನೇತುಹಾಕಿದಷ್ಟು ಬಿಗಿಯಾಗಿರುತ್ತದೆ. ನಾವು ಹತ್ತಿ ಕೂತಾಗ ಮುಖ್ಯವಾಗಿ ಬದಲಾಗುವುದು ನೆಲದ ಕಡೆಯ ಕೆಲವು ಕಡ್ಡಿಗಳ ಬಿಗಿ. ಅದು ಕಡಿಮೆಯಾಗುತ್ತದೆ, ಅಷ್ಟೇ. ಕೈಯಿಂದ ಬಾಗಿಸಬಹುದಾದ ತೆಳು ತಂತಿಗಳು ದೊಡ್ಡಾಳಿನ ಭಾರ ಹೊತ್ತು ಬಂಡೆಯಿಂದ ಇಳಿಯುವುದು ಈ ಬಿಗಿಯ ಬಲದಿಂದ.

“ಎಷ್ಟು ತಿರುಗಿಸಬೇಕು ಅಂತ ಹೇಗೆ ಗೊತ್ತಾಗುತ್ತೆ ಯಜಮಾನ್ರೇ?” ಎಂದೆ. “ಕೈಗೆ ಗೊತ್ತಾಗುತ್ತೆ ಸಾರ್” ಎಂದರು. ಮಗ ಈ ಕೆಲಸಕ್ಕೆ ಬಂದಿಲ್ಲವಂತೆ. ಚೈನಿನ ಅಳತೆಯನ್ನು ಪುಸ್ತಕದಲ್ಲಿ ಬರೆದಿಡಬಹುದು. ಇವರ ಬೆರಳಿನ ಅಳತೆಯನ್ನು ಎಲ್ಲಿ ಬರೆದಿಡುವುದು? ಇದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಹೊರಡುವವರಿಗೆ

ಬಿಚ್ಚಿ ಕಟ್ಟಿದ ಸೈಕಲ್ಲು ಮೊದಮೊದಲು ಗೇರು ತಪ್ಪುತ್ತದೆ. ಕೇಬಲ್ಲಿನ ಹೊರಕವಚ, ತುದಿಗಳ ಟೋಪಿ ತಮ್ಮ ತಮ್ಮ ಜಾಗದಲ್ಲಿ ಕೂರುವವರೆಗೆ ಹಾಗೆ. ಒಮ್ಮೆ ಬಿಗಿ ಮಾಡಿಸಿದರೆ ನಿಲ್ಲುತ್ತದೆ. ಡಿಸ್ಕ್ ಬ್ರೇಕಿನ ಹೊಸ ಪ್ಯಾಡು ಮೊದಲ ದಿನ ಹಿಡಿಯುವುದಿಲ್ಲ. ಸಪಾಟು ರಸ್ತೆಯಲ್ಲಿ ವೇಗ ತಂದು, ನಿಧಾನ ಮಾಡಿ, ಮತ್ತೆ ವೇಗ ತಂದು, ಹೀಗೆ ಹಲವು ಸಲ ಮಾಡಬೇಕು. ಪ್ಯಾಡಿನ ಪದರ ಡಿಸ್ಕಿನ ಮೇಲೆ ಸಮನಾಗಿ ಕೂತ ಮೇಲೆಯೇ ಇಳಿಜಾರು. ಕಾಡಿಗೆ ಹೋಗುವುದಾದರೆ ಅರಣ್ಯ ಇಲಾಖೆ ಬಿಟ್ಟ ದಾರಿಯಲ್ಲಿ, ಬಿಟ್ಟ ಹೊತ್ತಿನಲ್ಲಿ ಹೋಗಿ. ಮಳೆ ನಿಂತ ಕೂಡಲೇ ಹೋಗಬೇಡಿ. ಹಸಿ ಮಣ್ಣಿನಲ್ಲಿ ಟೈರು ಕೊರೆದ ಗೆರೆಯಲ್ಲಿ ಮುಂದಿನ ಮಳೆಯ ನೀರು ಹರಿದು ದಾರಿಯನ್ನೇ ತಿನ್ನುತ್ತದೆ.

2020ರ ಲಾಕ್‌ಡೌನಿನಲ್ಲಿ ಕೊಂಡ ಗೇರ್ ಸೈಕಲ್ಲುಗಳು ನಮ್ಮ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ ಧೂಳು ಹೊದ್ದು ಸಾಲಾಗಿ ನಿಂತಿವೆ. ಅವುಗಳ ಫ್ರೇಮು ಗಟ್ಟಿ, ಅಳತೆ ಸರಿ. ಕೆಟ್ಟಿರುವುದು ಸವೆಯುವ, ಒಣಗುವ ಭಾಗಗಳಷ್ಟೇ. ನಿಮ್ಮದೊಂದು ಅಲ್ಲಿದ್ದರೆ ಮಾರುವ ಮುಂಚೆ, ಗುಜರಿಗೆ ಹಾಕುವ ಮುಂಚೆ, ಹತ್ತಿರದ ಸೈಕಲ್ ಶಾಪಿಗೆ ತಳ್ಳಿಕೊಂಡು ಹೋಗಿ ಪೂರ್ತಿ ಬಿಚ್ಚಿ ಕಟ್ಟಲು ಎಷ್ಟಾಗುತ್ತದೆಂದು ಕೇಳಿ. ಕೂಲಿಯ ವಿಷಯದಲ್ಲಿ ಚೌಕಾಶಿ ಮಾಡಬೇಡಿ. ಹೊಸದು ಕೊಳ್ಳುವವರಾದರೆ ಬಣ್ಣ, ತೂಕ ನೋಡುವ ಮೊದಲು ಇದರ ಹ್ಯಾಂಗರು, ಬಾಟಮ್ ಬ್ರಾಕೆಟ್ಟು ಹತ್ತು ವರ್ಷದ ಮೇಲೂ ಸಿಗುತ್ತವೆಯೇ ಎಂದು ಅಂಗಡಿಯವರನ್ನು ಕೇಳಿ. ಕೇಳುವವರು ಹೆಚ್ಚಾದರೆ ಮಾಡುವವರೂ ಯೋಚಿಸುತ್ತಾರೆ.